ಕಾಕಾನ ತೋಳಿನ ಕೆಂಪು ಗೆರೆ

ಮೊನ್ನೆ ಲಸಿಕೆಯ ಚೀಲ ತೊಳೆಯಲು ಕೂತಾಗ ತಳದಲ್ಲಿ ಕೆಂಪು ಬಣ್ಣದ ಹಳೆಯ ಡಬ್ಬಿ ಸಿಕ್ಕಿತು. ಮುಚ್ಚಳ ಎಬ್ಬಿಸಿದೆ. ಬಣ್ಣ ಕಲ್ಲಾಗಿತ್ತು, ವಾಸನೆ ಮಾತ್ರ ಹಾಗೇ ಇತ್ತು. ಮೂಗಿಗೆ ಬಡಿದದ್ದೇ ತಡ, ಕುರಿ ಕಾಯುವ ಕಾಕಾ ನೆನಪಾದರು… ಚೀಲ ಅಲ್ಲೇ ಬಿಟ್ಟು ಎದ್ದುಬಿಟ್ಟೆ.

ಪಶು ಆಸ್ಪತ್ರೆಯಲ್ಲಿ ನನ್ನದು ಸೂಜಿ ಹಾಕುವ ಕೆಲಸ. ನಾನು ಡಾಕ್ಟರ್ ಅಲ್ಲ. ಆದರೆ ವಡಗೇರಾ, ಕೊಂಕಲ್ ಕಡೆಯ ಕುರಿಗಾರರೆಲ್ಲ ಹಾಗೇ ಕರೆಯುತ್ತಿದ್ದರು. ಕೇಳಲು ಹಿತವಾಗಿತ್ತು, ತಿದ್ದಲು ಹೋಗಲಿಲ್ಲ. ಕಾಕಾ ಮೊದಮೊದಲು ನನ್ನನ್ನು ಹಟ್ಟಿಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಒಂದು ವರ್ಷ ಕುರಿಗಳಿಗೆ ಹಿರಿಬೇನೆ ಬಂತು. ಮೂಗು ಸೋರಿ, ಬಾಯಿ ಹುಣ್ಣಾಗಿ ಅರ್ಧ ಹಿಂಡು ಸತ್ತ ಮೇಲೆ ತಾವೇ ಹೇಳಿ ಕಳಿಸಿದರು.

"ಸೂಜ್ಯಾಗ ಏನದರಿ ಡಾಕ್ಟರ್ರ?" ಎಂದು ಕೇಳಿದರು.

"ಅದೇ ಬೇನಿ ಅದ, ಸೊರಗಿಸಿದ್ದು. ಮೈ ಅದರ ಮಾರಿ ನೋಡಿ ಇಟ್ಕೋತದ. ಖರೇ ಬೇನಿ ಬಂದಾಗ ಗುರ್ತು ಹಿಡಿದು ಬಡಿದು ಹಾಕ್ತದ. ಒಂದ ಸೂಜಿ ಸಾಕು ಕಾಕಾ, ಮೈ ಮರಿಯೂದಿಲ್ಲ."

ಬೇನೆ ಬಂದು ಉಳಿದ ಕುರಿಗೆ ಅದು ಮತ್ತೆ ಬಾರದು ಎಂಬುದು ಅವರಿಗೆ ಅಜ್ಜನ ಕಾಲದಿಂದ ಗೊತ್ತಿತ್ತು. ಹಾಗಾಗಿ ನನ್ನ ಮಾತು ನೇರ ಮನಸ್ಸಿಗೆ ಹೊಕ್ಕಿತು. ಮೈ ಮರೆಯುವುದಿಲ್ಲವಂತೆ ಎಂದು ಹಟ್ಟಿ ಹಟ್ಟಿಗೆ ಹೋಗಿ ಹೇಳಿ ಬಂದರು. ಸೂಜಿ ಆದ ಕುರಿಯನ್ನೇ ಮತ್ತೆ ಹಿಡಿಯಬಾರದೆಂದು ಬೆನ್ನಿಗೆ ಕೆಂಪು ಹಚ್ಚುತ್ತಿದ್ದೆವು. ಆ ಕೆಂಪು ಕಂಡರೆ ಕಾಕಾಗೆ ನಿಶ್ಚಿಂತೆ.

ಬಾಕಿ ಉಳಿದ ಕುರಿಗಳಿಗೆ ಸೂಜಿ ಹಾಕಲು ಮುಂದಿನ ಸಲ ಹೋದಾಗ ಅವರ ಮುಂಗೈಗೆ ಬಟ್ಟೆ ಸುತ್ತಿತ್ತು. ಬೀದಿ ನಾಯಿಯೊಂದು ಕುರಿಮರಿಗೆ ಬಾಯಿ ಹಾಕಿತ್ತಂತೆ, ಬಿಡಿಸಲು ಹೋಗಿ ಕಚ್ಚಿಸಿಕೊಂಡಿದ್ದರು. ಯಾದಗಿರಿಗೆ ಹೋಗಿ ಒಂದು ಸೂಜಿ ಹಾಕಿಸಿಕೊಂಡೂ ಬಂದಿದ್ದರು.

"ಇನ್ನೂ ನಾಕ ಸಲ ಬಾ ಅಂತಾರ್ರಿ. ಹಿಂಡು ನಾಳೆ ಕೊಡೇಕಲ್ ಕಡಿ ಹೊಂಟದ, ಅಲ್ಲಿ ಗೊಬ್ಬರಕ್ಕ ಹೊಲದಾಗ ಕುರಿ ತರುಬಬೇಕು. ಕುರಿಗಿ ಒಂದ ಸಾಕಾಗ್ತದ, ನಾ ಏನ್ ಕುರಿಗಿಂತ ಕಡಿಮಿ ಏನ್ರಿ? ನನಗೂ ಕೆಂಪ ಹಚ್ರಿ, ನಂದೂ ಸೂಜಿ ಆತು!" ಎಂದು ತೋಳು ಚಾಚಿದರು.

ಲಸಿಕೆ ಪೆಟ್ಟಿಗೆಯ ಐಸು ಕರಗುತ್ತಿತ್ತು, ಇನ್ನೂ ನೂರು ಕುರಿ ಬಾಕಿ ಇದ್ದವು. ನಾನು ನಕ್ಕುಬಿಟ್ಟೆ. ಬಣ್ಣದಲ್ಲಿ ಬೆರಳದ್ದಿ ಅವರ ಅಂಗಿಯ ತೋಳಿನ ಮೇಲೆ ಒಂದು ಗೆರೆ ಎಳೆದೆ. ಸುತ್ತ ನಿಂತವರೂ ನಕ್ಕರು.

ಐದೂ ಹಾಕಿಸಿಕೊಳ್ಳಿ ಎನ್ನಲು ಒಂದು ಉಸಿರು ಸಾಕಿತ್ತು. ಹುಚ್ಚುನಾಯಿಯ ವಿಷ ಹಿರಿಬೇನೆಯಂತಲ್ಲ. ನರ ಹಿಡಿದು ಸದ್ದಿಲ್ಲದೆ ಮಿದುಳಿನ ಕಡೆ ಹತ್ತುತ್ತದೆ, ದಾರಿಯಲ್ಲಿ ಮೈಗೆ ಸುಳಿವೇ ಸಿಗುವುದಿಲ್ಲ. ಅದು ಮೇಲೆ ಮುಟ್ಟುವುದರೊಳಗೆ ಅದರ ಮುಖವನ್ನು ಮೈಗೆ ಮತ್ತೆ ಮತ್ತೆ ತೋರಿಸಿ ಎಬ್ಬಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕೆ.

ಒಂದೂವರೆ ತಿಂಗಳಿಗೆ ಸುದ್ದಿ ಬಂತು. ಕಾಕಾನನ್ನು ಸುರಪುರ, ಶಹಾಪುರ ದಾಟಿಸಿ ಯಾದಗಿರಿ ಆಸ್ಪತ್ರೆಗೆ ತಂದಿದ್ದರು. ಕಿಟಕಿಯಿಂದ ನೋಡಿದೆ. ಯಾರೋ ಲೋಟದಲ್ಲಿ ನೀರು ತಂದರು. ನೀರು ಕಂಡದ್ದಕ್ಕೇ ಕಾಕಾನ ಗಂಟಲು ಸೆಟೆದು ಮೈ ಅದುರಿತು… ಮೈ ಮೇಲೆ ಅದೇ ಅಂಗಿ. ಒಗೆದು ಒಗೆದು ಮಾಸಿದರೂ ಕೆಂಪು ಗೆರೆ ಹೋಗಿರಲಿಲ್ಲ.

ಹೊರಗೆ ಅವರ ಹೆಂಡತಿ, ನಮ್ಮೆಲ್ಲರ ಕಾಕಿ, ನನ್ನ ಕೈ ಹಿಡಿದರು. "ಡಾಕ್ಟರ್ರು ಕೆಂಪ ಹಚ್ಯಾರ, ನನಗೇನಾಗ್ತದ ಅಂತಿದ್ರು ಇವರು. ಮೈ ಮರಿಯೂದಿಲ್ಲ ಅಂತ ನೀವ ಅಂದಿದ್ರಲ್ಲ… ಮತ್ತ ಹಿಂಗ್ಯಾಕಾತ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜಕ್ಕೂ ಕೇಳುತ್ತಿದ್ದರು. ಎರಡನೆಯ ದಿನ ಕಾಕಾ ತೀರಿಕೊಂಡರು.

ಆಮೇಲೆ ನಾನು ನೀಲಿ ಬಣ್ಣ ಬಳಸತೊಡಗಿದೆ. ಯಾಕೆಂದು ಕಾಕಿ ಒಮ್ಮೆಯೂ ಕೇಳಿಲ್ಲ. ಈಗ ಹಿಂಡು ಅವರದೇ ಕೈಯಲ್ಲಿದೆ, ನಾಳೆ ಅವರ ಹಟ್ಟಿಗೇ ಹೋಗಬೇಕು. ಅಂದು ನಾನು ಕೆಂಪು ಹಚ್ಚಿದ ಕುರಿಗಳಲ್ಲಿ ಆ ವರ್ಷ ಒಂದೂ ಸಾಯಲಿಲ್ಲ. ಕಾಕಾ ಒಬ್ಬರೇ ಹೋದರು.