ಕುದುರೆಯ ಮುಂಗಾಲಿಗೆ ನನ್ನ ಅಂಗಡಿಯ ಖಾರ

ಆ ಮನುಷ್ಯನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ವಿಚಾರವೂ ಇಲ್ಲ. ಮಕ್ಕಳಿಗೆ ಕುದುರೆ ಸವಾರಿ ಕಲಿಸಬೇಕೆಂದಿರುವವರು ಆಗೀಗ ನನ್ನ ಹತ್ತಿರ ಬಂದು ಯಾವ ಕ್ಲಬ್ ಒಳ್ಳೆಯದು, ಯಾವ ಮಾಸ್ತರ ಒಳ್ಳೆಯವನು ಎಂದು ಕೇಳುತ್ತಾರೆ. ಮಾಸ್ತರನ ಮಾತು ಕೇಳಬೇಡಿ, ಗೋಡೆಗೆ ತೂಗುಹಾಕಿದ ಪದಕ ನೋಡಬೇಡಿ, ಕುದುರೆಯ ಮುಂಗಾಲು ಮುಟ್ಟಿ ನೋಡಿ ಎನ್ನುತ್ತೇನೆ. ಕುದುರೆ ಸುಮ್ಮನೆ ಕಾಲು ಕೊಟ್ಟರೆ ಮಗುವನ್ನು ಸೇರಿಸಿ. ಕಾಲು ಎಳೆದುಕೊಂಡರೆ ಚಹಾ ಸಹ ಕುಡಿಯದೆ ಮನೆಗೆ ಬನ್ನಿ. ನಾನು ಮುಟ್ಟಿ ನೋಡಿದ್ದು ಮೂರು ವರ್ಷ ತಡವಾಗಿ.

ನಾನು ಮೆಣಸಿನಕಾಯಿ ವ್ಯಾಪಾರಿ. ಕಲಬುರಗಿ ಕಡೆಯಿಂದ ಬಂದು, ನಾಸಿಕ್ ಹತ್ತಿರದ ಘೋಟಿಯ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತವನು, ಹಂತಹಂತವಾಗಿ ನಾಸಿಕ್‌ನಲ್ಲಿ ಅಂಗಡಿ ಮಾಡಿದೆ. ಚಾಂದವಡ್‌ನಿಂದ ಘೋಟಿಯವರೆಗೆ ಹೆದ್ದಾರಿಯ ಧಾಬಾದವರೆಲ್ಲ ನನ್ನಿಂದಲೇ ಖಾರ ಒಯ್ಯುತ್ತಾರೆ. ಚೀಲ ಬಿಚ್ಚುವ ಮೊದಲೇ ಒಳಗಿರುವುದು ಬ್ಯಾಡಗಿಯೋ ಗುಂಟೂರೋ ಲವಂಗಿಯೋ ಎಂದು ಮೂಗಿನಲ್ಲೇ ಹೇಳುವವನು ನಾನು. ಸಾಲ ಕೇಳದೆ, ಯಾರ ಕೈಕೆಳಗೂ ನಿಲ್ಲದೆ ಮೇಲೆ ಬಂದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರು ಏನು ಕೇಳಿದರೂ ಉಪಾಯ ಹೇಳದೆ ಇರಲಾಗುವುದಿಲ್ಲ.

ಮಗಳಿಗೆ ಕುದುರೆಯ ಹುಚ್ಚು ಎಲ್ಲಿಂದ ಬಂತೋ ಗೊತ್ತಿಲ್ಲ. ನಾಸಿಕ್‌ನ ಹೊರಗೆ ದ್ರಾಕ್ಷಿ ತೋಟಗಳ ನಡುವೆ ಒಂದು ರೈಡಿಂಗ್ ಕ್ಲಬ್ ಇತ್ತು. ಶಾಲೆಯಿಂದ ಒಮ್ಮೆ ಕರೆದುಕೊಂಡು ಹೋದರು, ಅವಳು ಅಲ್ಲಿಯೇ ಉಳಿದಂತಾಯಿತು. ಆಟ ಸರಳ: ಮೈದಾನದಲ್ಲಿ ಹತ್ತೋ ಹನ್ನೆರಡೋ ಅಡ್ಡಗಟ್ಟೆ, ಪ್ರತಿಯೊಂದರ ಮೇಲೂ ಬಣ್ಣದ ಮರದ ಗಳು. ಕುದುರೆ ಹಾರುವಾಗ ಕಾಲು ತಾಗಿ ಗಳು ಬಿದ್ದರೆ ನಾಲ್ಕು ತಪ್ಪು. ಒಂದೂ ಬೀಳದಿದ್ದರೆ ಸೊನ್ನೆ, ಅದೇ ಗೆಲುವು.

ಕ್ಲಬ್ಬಿನ ಮಾಸ್ತರ ನಮ್ಮ ಕಡೆಯವನು, ಬೀದರ್ ಜಿಲ್ಲೆಯವನು. ಪರ ಊರಿನಲ್ಲಿ ನಮ್ಮ ಮಾತಾಡುವವನು ಸಿಕ್ಕರೆ ಮನುಷ್ಯನ ಬುದ್ಧಿ ಅರ್ಧ ಕರಗುತ್ತದೆ. ಮೆಣಸಿನಕಾಯಿ ಕೊಳ್ಳುವಾಗ ಚೀಲದ ತಳಕ್ಕೆ ಕೈಹಾಕಿ ನೋಡುವ ನಾನು, ಇವನು ‘ಬರ್ರಿ ಸಾವಕಾರ್ರ’ ಎಂದದ್ದಕ್ಕೆ ಮಗಳನ್ನು ಒಪ್ಪಿಸಿ ಬಂದೆ.

ಅವಳಿಗೆ ಕೊಟ್ಟದ್ದು ರೇಸಿನಿಂದ ಹೊರಬಿದ್ದ ಕಂದು ಹೆಣ್ಣುಕುದುರೆ. ಒಳ್ಳೆಯ ಓಟ, ಒಳ್ಳೆಯ ಗುಣ, ಆದರೆ ಮುಂಗಾಲು ಸೋಮಾರಿ. ಪ್ರತಿ ಪಂದ್ಯದಲ್ಲೂ ಒಂದೋ ಎರಡೋ ಗಳು ಬೀಳುತ್ತಿದ್ದವು. ಮಗಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಜಾರು ನನಗೆ.

ಒಂದು ಮಧ್ಯಾಹ್ನ ಮಾಸ್ತರ ಅಂಗಡಿಗೆ ಬಂದ.

‘ಸಾವಕಾರ್ರ, ಘೋಡಿ ಲಾಯದ ಬಾಗಲಾ ಕಡೀಲತ್ತದರಿ. ಕಟಗಿ ಅರ್ಧ ತಿಂದು ಹಾಕ್ಯದ. ಖಾರಪುಡಿ ಹಚ್ಚಿದೆ, ಗಾಳಿಗಿ ಹಾರಿ ನನ್ನ ಕಣ್ಣಾಗೇ ಬಿತ್ತು.’

‘ಪುಡಿ ಯಾಕ ಹಚ್ಚತೀರಿ ಮಾಸ್ತರ? ಪುಡಿ ಇರೂದು ಪಲ್ಯಕ್ಕ,’ ಎಂದು ನಕ್ಕೆ. ಕೂಡಿಸಿಕೊಂಡು ಹೇಳಿಕೊಟ್ಟೆ. ಲವಂಗಿ ಮೆಣಸಿನಕಾಯಿ ತೆಗೆದುಕೊಳ್ಳಬೇಕು, ಒಳಗೆ ಬೀಜ ಹಿಡಿದಿರುವ ಬಿಳಿ ತಿರುಳನ್ನು ಬಿಡಬಾರದು, ಖಾರವೆಲ್ಲ ಅಲ್ಲಿಯೇ. ಸಣ್ಣ ಉರಿಯ ಮೇಲೆ ಶೇಂಗಾ ಎಣ್ಣೆಯಲ್ಲಿ ಕಾಯಿಸಿ ಸೋಸಬೇಕು. ಬಿಸಿ ಇರುವಾಗಲೇ ಜೇನುಮೇಣ ಕರಗಿಸಿ ಸೇರಿಸಿದರೆ ಮುಲಾಮಿನಂತೆ ಹೆಪ್ಪುಗಟ್ಟುತ್ತದೆ, ಹಚ್ಚಿದಲ್ಲಿಂದ ಜಾರುವುದಿಲ್ಲ.

‘ತೊಳದ್ರ ಹೋಗ್ತದೇನ್ರಿ?’

‘ನೀರಿಗಿ ಜಗ್ಗಂಗಿಲ್ಲ ಬಿಡ್ರಿ ಅದು.’

ಇಷ್ಟಕ್ಕೇ ಸುಮ್ಮನಾಗಲಿಲ್ಲ. ಎರಡು ದಿನ ಬಿಟ್ಟು ನಾನೇ ಕಾಯಿಸಿ, ಒಂದು ಡಬ್ಬಿ ತುಂಬಿ ಕಳಿಸಿದೆ. ಬಾಗಿಲು ಕಡಿಯುವ ಕುದುರೆಗೆ ತೊಳೆದರೆ ಹೋಗುತ್ತದೆಯೇ ಎಂದು ಯಾಕೆ ಕೇಳುತ್ತಾನೆ? ಅವತ್ತು ಆ ಪ್ರಶ್ನೆ ನನಗೆ ಹೊಳೆಯಲಿಲ್ಲ. ಹೊಗಳಿಸಿಕೊಳ್ಳುವುದರಲ್ಲಿದ್ದೆ.

ಆಮೇಲೆ ನೋಡಿ, ಗಳು ಬೀಳುವುದು ನಿಂತುಹೋಯಿತು. ಕುದುರೆ ಗಳುಗಳಿಗಿಂತ ಒಂದು ಗೇಣು ಮೇಲೆ ಮೊಣಕಾಲು ಎತ್ತಿ ಹಾರತೊಡಗಿತು. ಅದೆಲ್ಲ ನಾನು ಕಳಿಸುತ್ತಿದ್ದ ಹುರುಳಿಯ ಪುಣ್ಯ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಮಗಳು ಮಾತ್ರ ಒಮ್ಮೆ ಊಟಕ್ಕೆ ಕೂತಾಗ ಅಂದಳು:

‘ಪಪ್ಪಾ, ಕಾಲಿಗಿ ಪಟ್ಟಿ ಕಟ್ಟುವಾಗ ತೀ ಥರಥರ ಕಾಪತೇ. ನಡುಗ್ತಾಳ. ಮಾಸ್ತರ ನಂಗ ಕಟ್ಟಾಕ ಕೊಡಂಗಿಲ್ಲ ಈಗ, ತಾನೇ ಕಟ್ತಾನ.’

ಕನ್ನಡ ಅವಳ ಬಾಯಲ್ಲಿ ಹೀಗೇ ಬರುತ್ತದೆ, ಮರಾಠಿಯ ಕೈಹಿಡಿದುಕೊಂಡು. ‘ಮಾಸ್ತರಗ ಗೊತ್ತಿರ್ತದ, ನೀ ಸುಮ್ನ ಹೇಳಿದ್ದು ಕೇಳು,’ ಎಂದೆ. ಇದು ನಾನು ಕೊಟ್ಟ ಎರಡನೆಯ ಉಪದೇಶ.

ಸಂಭಾಜಿನಗರಕ್ಕೆ ಆಗ ಹಳೆಯ ಹೆಸರೇ ಇತ್ತು. ಅಲ್ಲಿಂದ ಬಿಡಕಿನ್ ಕಡೆಗೆ ಹೋಗುವ ದಾರಿಯ ಬದಿಯ ಮೈದಾನದಲ್ಲಿ ಎರಡು ದಿನದ ಪಂದ್ಯ. ಎರಡೂ ದಿನದ ತಪ್ಪು ಕೂಡಿಸಿ, ಕಡಿಮೆ ಇದ್ದವರನ್ನು ರಾಜ್ಯದ ಕಿರಿಯರ ತಂಡಕ್ಕೆ ಆರಿಸುವವರಿದ್ದರು. ಮಗಳಿಗೆ ಹದಿನೆಂಟು ತುಂಬುತ್ತಿತ್ತು. ಕಿರಿಯರ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ವರ್ಷ, ಅದೇ ಕೊನೆಯ ಅವಕಾಶ. ಮೊದಲ ದಿನ ಸೊನ್ನೆ ತಪ್ಪು. ಅವಳಷ್ಟೇ ಚೆನ್ನಾಗಿ ಹಾರಿಸಿದವರು ಇನ್ನಿಬ್ಬರು.

ಎರಡನೆಯ ದಿನ ಬೆಳಿಗ್ಗೆ ಸವಾರರೆಲ್ಲ ಮೈದಾನಕ್ಕಿಳಿದು, ಗಳುಗಳ ನಡುವಿನ ಅಂತರವನ್ನು ಹೆಜ್ಜೆ ಹಾಕಿ ಅಳೆಯುತ್ತಿದ್ದರು. ಮಗಳೂ ಮಾಸ್ತರನೂ ಅಲ್ಲಿದ್ದರು. ನಾನು ಲಾಯದ ಹತ್ತಿರ ಒಬ್ಬನೇ. ಪ್ರೀತಿಯಿಂದ ಕುದುರೆಯ ಮುಂಗಾಲು ಸವರಿದೆ. ಅದು ಕಾಲು ಕಿತ್ತುಕೊಂಡು ನೆಲಕ್ಕೆ ಅಪ್ಪಳಿಸಿತು. ಬಗ್ಗಿ ಕಾಲುಪಟ್ಟಿ ಬಿಚ್ಚಿದೆ. ಮೊಣಕಾಲ ಕೆಳಗೆ ಕೂದಲು ಉದುರಿ, ಚರ್ಮ ಎಳೆಯ ಕೂಸಿನ ಒಸಡಿನಂತೆ ಕೆಂಪಗಾಗಿತ್ತು. ಮೇಲೆ ಮೇಣದ ಹೊಳಪು. ಮೂಗಿಗೆ ಮೊದಲು ಲವಂಗಿ ಬಂತು, ಹಿಂದೆಯೇ ಶೇಂಗಾ ಎಣ್ಣೆ. ಬೆರಳನ್ನು ತುಟಿಗೆ ಮುಟ್ಟಿಸಿಕೊಂಡೆ. ಬೇರೆ ಸಾಕ್ಷಿ ಬೇಕಾಗಲಿಲ್ಲ. ಉರಿಯುವ ಕಾಲಿಗೆ ಗಳು ತಾಗಿದರೆ ಜೀವ ಹೋದಷ್ಟು ನೋವು, ಅದಕ್ಕೇ ಅದು ಅಷ್ಟು ಮೇಲೆ ಹಾರುತ್ತಿತ್ತು.

ಮಾಸ್ತರ ಶಿಳ್ಳೆ ಹಾಕಿಕೊಂಡು ಬಂದ. ನನ್ನ ಕೈಯಲ್ಲಿ ಬಿಚ್ಚಿದ ಪಟ್ಟಿ ನೋಡಿದರೂ ಮುಖ ಕೆಡಿಸಿಕೊಳ್ಳಲಿಲ್ಲ.

‘ಬಾಗಲಿಗಿ ಕೊಟ್ಟ ಖಾರ ಕಾಲಿಗಿ ಹ್ಯಾಂಗ ಬಂತೋ?’ ಎಂದೆ. ಅಲ್ಲಿಯವರೆಗೆ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.

‘ಸಾವಕಾಶ ಮಾತಾಡ್ರಿ. ಗಳದ ಮ್ಯಾಲ ಕಬ್ಬಿಣದ ಪೈಪ್ ಎತ್ತಿ ಹಿಡದು, ಹಾರೂವಾಗ ಕಾಲಿಗಿ ಬಡಿಯವರಿದ್ದಾರ. ನಾ ಹಂಗ ಮಾಡೀನೇನು? ಒಂದೀಟು ಉರಿ, ಅಷ್ಟ. ಯಾರ ಸಲುವಾಗಿ ಮಾಡೀನಿ? ನಿಮ್ಮ ಮಗಳ ಸಲುವಾಗೇ.’

‘ಹೊಲಸು ನನ್ನಮಗನ, ಹೋಗಿ ದೂರು ಕೊಡ್ತೀನಿ ನೋಡು.’

‘ಕೊಡ್ರಿ. ಪಂದ್ಯದ ಕಾಗದದ ಮ್ಯಾಲ ನನ್ನ ಹೆಸರು ಎಲ್ಲದ, ತೋರಸ್ರಿ. ಕುದುರಿ ಮೈಮ್ಯಾಲ ಏನರ ಸಿಕ್ರ ಜವಾಬ್ದಾರಿ ಸವಾರಂದು, ಪುಸ್ತಕದಾಗ ಹಂಗೇ ಬರದದ. ಅಂದ್ರ ನಿಮ್ಮ ಮಗಳ್ದು. ನಾ ಇಲ್ಲಿ ಚಹಾ ಕುಡೀಲಿಕ್ಕ ಬಂದಾಂವ ಅಂತ ತಿಳೀರಿ.’

ಅವನು ಹೇಳಿದ್ದು ಸುಳ್ಳಲ್ಲ. ನಿಯಮ ಹಾಗೆಯೇ ಇದೆ. ಕುದುರೆಯ ಮೇಲೆ ಕೂರುವವರೇ ಅದರ ಮೈಗೆ ಹೊಣೆ. ಯಾರು ಹಚ್ಚಿದರು, ಯಾಕೆ ಹಚ್ಚಿದರು ಎಂಬುದು ಆಮೇಲಿನ ಮಾತು. ಕಳ್ಳನನ್ನು ಬಿಟ್ಟು ಹುಡುಗಿಯನ್ನು ಹಿಡಿಯುವ ಇಂಥ ನಿಯಮ ಬರೆದವನನ್ನು ಅಲ್ಲಿಯೇ ನಿಂತು ಬೈದೆ. ಬೈದಾದ ಮೇಲೆ ನನಗೆ ಬರುವ ಕೆಲಸಕ್ಕೆ ಇಳಿದೆ. ಚೌಕಾಸಿ. ಕಾಲು ತೊಳೆಯಬೇಕು, ಮಗಳು ಖಾರವಿಲ್ಲದ ಕಾಲಿನ ಮೇಲೆಯೇ ಇವತ್ತಿನ ಸುತ್ತು ಮುಗಿಸಬೇಕು, ನಾನು ಬಾಯಿ ಬಿಡುವುದಿಲ್ಲ, ನಾಳೆಯಿಂದ ಅವನು ನಮ್ಮ ಕಣ್ಣಿಗೆ ಬೀಳಬಾರದು. ಎರಡು ಮಾತಿನಲ್ಲಿ ಒಪ್ಪಿದ. ಅಷ್ಟು ಬೇಗ ಒಪ್ಪುವವನ ಹತ್ತಿರ ವ್ಯವಹಾರ ಕೆಟ್ಟಿದೆ ಎಂದೇ ಅರ್ಥ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಅದು ಗೊತ್ತಿರಬೇಕಿತ್ತು.

ಬಕೆಟ್ ನೀರು, ಸೋಪು ತಂದು ಇಬ್ಬರೂ ತಿಕ್ಕಿದೆವು. ನೀರಿಗೆ ಜಗ್ಗುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ, ಜಗ್ಗಲಿಲ್ಲ. ಉರಿ ಹೆಚ್ಚಾಗಿ ಕುದುರೆ ಗೋಡೆಗೆ ಮೈ ಉಜ್ಜತೊಡಗಿತು. ಅಷ್ಟರಲ್ಲಿ ಮಗಳು ಬಂದು ನಿಂತಳು.

‘ಕಾಯ್ ಝಾಲಂ? ಏನಾಗೇದ?’

‘ಏನಿಲ್ಲ ಅವ್ವಿ, ಹುಳಾ ಕಡದಾವ,’ ಎಂದೆ.

ಮೆಣಸಿನಕಾಯಿ ಚೀಲಗಳ ನಡುವೆ ಅಂಬೆಗಾಲಿಟ್ಟು ಬೆಳೆದ ಮಗು, ಅವಳಿಗೇನು ಮೂಗಿಲ್ಲವೇ? ಬಗ್ಗಿ ಒಮ್ಮೆ ಉಸಿರೆಳೆದಳು. ಎದ್ದು ಮೊದಲು ಅವನ ಕಡೆ, ಆಮೇಲೆ ನನ್ನ ಕಡೆ ನೋಡಿದಳು.

‘ನಿನ್ನೆನೂ ಹಚ್ಚಿದ್ರೇನು?’

ಮಾಸ್ತರ ಹಲ್ಲು ಕಿರಿದ. ‘ನಿನ್ನೆ ಸೊನ್ನಿ ಹ್ಯಾಂಗ ಬಂತು ಅನ್ಕೊಂಡಿ ತಂಗಿ?’

ಅವಳು ಹೆಲ್ಮೆಟ್ ಕಳಚಿದಳು. ನಾನು ಅಡ್ಡ ನಿಂತೆ. ‘ತಡಿ. ಕುದುರಿ ಕುಂಟಲತ್ತದ ಅಂತ ಹೇಳಿ ಇವತ್ತಿನ ಸುತ್ತು ಬಿಡೋಣು. ನಿನ್ನಿ ಸೊನ್ನಿ ಉಳೀತದ, ಹೆಸರು ಉಳೀತದ. ಊರಿಗಿ ಹೋದ ಮ್ಯಾಲ ಇವನ್ನ ನೋಡ್ಕೊಳ್ಳೂದು ನನ್ನ ಕೆಲಸ.’

‘ನಾಳೆ ಹಿಚ್ಯಾವರ್, ಇವಳ ಮ್ಯಾಲ, ಬ್ಯಾರೆ ಹುಡುಗೀನ್ನ ಕೂಡಸ್ತಾನ, ಪಪ್ಪಾ. ಅವಳ ಪಪ್ಪಾಗ ಮಿರ್ಚಿ ವಾಸನಿ ಗೊತ್ತಾಗಂಗಿಲ್ಲ.’

ಎಂದವಳೇ ಕಾಲುಪಟ್ಟಿಗಳನ್ನು ಎತ್ತಿಕೊಂಡು ಸ್ಟೀವರ್ಡ್ ಕೂತಿದ್ದ ಡೇರೆಗೆ ನಡೆದಳು. ಪಂದ್ಯದ ದಿನ ಕುದುರೆಗಳ ಯೋಗಕ್ಷೇಮ ನೋಡಲು ನೇಮಿಸಿದ ಅಧಿಕಾರಿಯನ್ನು ಹಾಗೆನ್ನುತ್ತಾರೆ. ಬಿಳಿಗೂದಲಿನ ಹೆಂಗಸು, ಪಶುವೈದ್ಯೆ. ಆಕೆ ಕೈಗವಸು ಹಾಕಿಕೊಂಡು ಬಂದು, ಬಿಳಿ ಬಟ್ಟೆಯಿಂದ ಕುದುರೆಯ ಎರಡೂ ಕಾಲು ಒರೆಸಿ ಚೀಲದಲ್ಲಿ ಹಾಕಿ ಮೊಹರು ಮಾಡಿದರು. ಇವತ್ತು ಸವಾರಿ ಇಲ್ಲ, ನಿನ್ನೆಯ ಫಲಿತಾಂಶವೂ ರದ್ದು ಎಂದು ಮಗಳಿಗೆ ಹಿಂದಿಯಲ್ಲಿ ಹೇಳಿದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಮಗಳು ತಲೆಯಾಡಿಸಿದಳು.

ಹಚ್ಚಿದವರು ಯಾರು ಎಂದು ಕೇಳಿದಾಗ ಮಾಸ್ತರ ಮುಂದೆ ಬಂದು ನನ್ನ ಕಡೆ ಬೆರಳು ತೋರಿಸಿದ. ‘ಇದು ಇವರ ಅಂಗಡಿ ಮಾಲು. ಡಬ್ಬಿ ಇವರೇ ತುಂಬಿ ಕಳಿಸಿದ್ದು, ಕೇಳಿ ನೋಡಿ,’ ಎಂದು ಹಿಂದಿಯಲ್ಲಿ ಹೇಳಿದ. ಆ ಬೆರಳನ್ನು ಅಲ್ಲಿಯೇ ಮುರಿಯಬೇಕೆನಿಸಿತು. ಸುತ್ತ ನಿಂತಿದ್ದ ಬೇರೆ ಮಕ್ಕಳ ತಂದೆ-ತಾಯಿಗಳು ಒಬ್ಬೊಬ್ಬರಾಗಿ ತಮ್ಮ ಲಾಯಗಳ ಕಡೆ ಸರಿದರು. ಅವರಲ್ಲಿ ಇಬ್ಬರು ಬಕೆಟ್ ಹುಡುಕುತ್ತಿದ್ದರು. ಅದನ್ನು ನಾನು ನೋಡಿದ್ದೇನೆ, ಬೇಕಾದರೆ ಪ್ರಮಾಣ ಮಾಡುತ್ತೇನೆ.

ಸ್ಟೀವರ್ಡ್ ನನ್ನನ್ನು ಕೇಳಿದರು, ಇದು ನಿಮ್ಮದೇ? ಬಾಗಿಲಿಗೆಂದು ಕೊಟ್ಟದ್ದು ಎಂದೆ. ಹಾಗಾದರೆ ಬೆಳಿಗ್ಗೆ ನೋಡಿದ ಕೂಡಲೇ ನನ್ನ ಹತ್ತಿರ ಯಾಕೆ ಬರಲಿಲ್ಲ, ಬಕೆಟ್ ಯಾಕೆ ತಂದಿರಿ? ಎಂದರು ಆಕೆ. ಆ ನಿಯಮ ಬರೆದವನು ನನ್ನಂಥವನನ್ನು ಎಲ್ಲೋ ಕಂಡಿರಬೇಕು ಎಂದು ಆಗ ಅನಿಸಿತು. ಹೊಣೆ ಸವಾರಳಾದ ಮಗಳದ್ದಲ್ಲದೆ ನಮ್ಮಂಥವರದ್ದಾಗಿದ್ದರೆ ನಾನೂ ಮಾಸ್ತರನೂ ಸೇರಿ ಆ ವಿಷಯವನ್ನೇ ತೊಳೆದು ಮುಚ್ಚಿಬಿಡುತ್ತಿದ್ದೆವು.

ಕಾಗದ ಕೊಟ್ಟರು. ಮೆಣಸಿನಕಾಯಿ ಯಾವುದು, ಎಣ್ಣೆ ಯಾವುದು, ಹೇಳಿಕೊಟ್ಟವರು ಯಾರು, ಹಚ್ಚಿದವರು ಯಾರು, ತೊಳೆಯಲು ಹೋದವರು ಯಾರು, ಎಲ್ಲ ಬರೆದೆ. ತಪ್ಪಿಸಿಕೊಳ್ಳಲು ಸಂದಿ ಇಟ್ಟುಕೊಳ್ಳದೆ ನಾನು ಸಹಿ ಹಾಕಿದ ಕಾಗದ ಅದೊಂದೇ. ಮಾಸ್ತರನನ್ನು ಮೈದಾನದ ಹೊರಗೆ ಹಾಕಿದರು, ವಿಚಾರಣೆಯೂ ನಡೆಯಿತಂತೆ. ಕೆಲವು ತಿಂಗಳಲ್ಲಿ ಬೇರೆ ಊರಿನಲ್ಲಿ ಬೇರೆಯವರ ಮಕ್ಕಳಿಗೆ ಕಲಿಸುತ್ತಿದ್ದ ಎಂದು ಕೇಳಿದೆ. ಇಂಥವರಿಗೆ ಎಲ್ಲಿಯೂ ಕೆಲಸ ತಪ್ಪುವುದಿಲ್ಲ, ಗೆಲ್ಲುವ ಆಸೆಯ ಅಪ್ಪಂದಿರು ಎಲ್ಲ ಊರಲ್ಲೂ ಇದ್ದಾರೆ.

ರಾಜ್ಯದ ತಂಡದ ಪಟ್ಟಿಯನ್ನು ಮಧ್ಯಾಹ್ನ ಓದುವಾಗ ನಾವು ಲಾಯದಲ್ಲಿದ್ದೆವು. ಧ್ವನಿವರ್ಧಕದ ಹೆಸರುಗಳು ಅಲ್ಲಿಯವರೆಗೆ ಕೇಳಿಸುತ್ತಿದ್ದವು. ಮಗಳು ಕುದುರೆಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ನಾನು ಅಂಗಿಯ ತೋಳು ಮಡಿಚಿ ಒಳಗೆ ಹೋಗಲು ನೋಡಿದೆ. ಕುದುರೆ ಕಿವಿ ಹಿಂದಕ್ಕೆ ಒತ್ತಿತು.

‘ನೀ ಬ್ಯಾಡ,’ ಎಂದಳು ತಿರುಗದೆ. ‘ಹ್ಯಾಂಗ ತೆಗೀಬೇಕು, ಅಷ್ಟ ಹೇಳು.’

ಹೊರಗೆ ನಿಂತು ಹೇಳಿದೆ. ಮೊದಲು ಬರಿಯ ಎಣ್ಣೆ ಸವರಿ ಮೇಣ ಬಿಡಿಸಬೇಕು, ತಿಕ್ಕಬಾರದು, ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಬೇಕು. ಆಮೇಲೆ ತಣ್ಣನೆಯ ಮೊಸರು. ಬಿಸಿನೀರು ಮುಟ್ಟಿಸಲೇಬಾರದು. ಅವಳು ಹೇಳಿದಂತೆ ಮಾಡಿದಳು. ಕುದುರೆ ಎರಡು ಸಲ ಕಾಲು ಎಳೆದುಕೊಂಡಿತು, ಮೂರನೆಯ ಸಲ ಅವಳ ಕೈಯಲ್ಲಿ ಬಿಟ್ಟಿತು.