ಮೂರು ಹೊಲಿಗೆ, ಒಂದು ಟಿಸಿ

ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಮಗಳ ಸ್ಕೂಲಿನಿಂದ ಫೋನ್ ಬಂತು. "ಸಾರ್, ಗಾಬರಿ ಆಗ್ಬೇಡಿ" ಎಂದರು. ಸ್ಕೂಲಿನವರು ಹಾಗೆಂದ ಮೇಲೂ ಗಾಬರಿಯಾಗದ ಅಪ್ಪ ಇಡೀ ಬಸವನಗುಡಿಯಲ್ಲಿ ಒಬ್ಬನಾದರೂ ಇದ್ದಾನೆಯೇ?

ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಪೂರ್ವಿ ಕೂತಿದ್ದಳು. ಒಂಬತ್ತನೇ ಕ್ಲಾಸು. ಎಡಹುಬ್ಬಿನ ಮೇಲೆ ಮೂರು ಹೊಲಿಗೆ, ಯೂನಿಫಾರ್ಮಿನ ಕಾಲರಿನಲ್ಲಿ ರಕ್ತ. "ಒಂದು ಇಂಚು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು ನೋಡಿ" ಎಂದರು ಡಾಕ್ಟರು. (ಇಂಥ ಮಾತನ್ನು ಅವರು ಸಮಾಧಾನಕ್ಕೆ ಹೇಳುತ್ತಾರೋ ಹೆದರಿಸಲಿಕ್ಕೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.)

ಹೊಡೆದದ್ದು ಅವಳದೇ ಕ್ಲಾಸಿನ ಹುಡುಗಿ. ನಿಜವಾದ ಹೆಸರು ಬೇಡ, ಚೈತ್ರಾ ಎಂದಿಟ್ಟುಕೊಳ್ಳಿ. ಹೊಡೆದದ್ದು ಸ್ಟೀಲಿನ ನೀರಿನ ಬಾಟಲಿಯಲ್ಲಿ. ಬಾಟಲಿ ತುಂಬಿತ್ತು.

"ಯಾಕೆ ಹೊಡೆದ್ಲು?"

"ಗೊತ್ತಿಲ್ಲಪ್ಪ. ಅವಳು ಯಾವಾಗ್ಲೂ ಹಾಗೇ. ಹೋದ ತಿಂಗಳು ಒಬ್ಬಳ ಕೂದ್ಲು ಹಿಡ್ಕೊಂಡು ಎಳೆದಿದ್ಲು."

ನನಗೆ ಅಷ್ಟೇ ಸಾಕಾಯಿತು.

ಸಂಜೆಯ ಹೊತ್ತಿಗೆ ಪೇರೆಂಟ್ಸ್ ವಾಟ್ಸ್ಯಾಪ್ ಗ್ರೂಪು ಕೊತಕೊತ ಕುದಿಯುತ್ತಿತ್ತು. 'ಇಂಥವರನ್ನ ಯಾಕೆ ಇಟ್ಕೊಂಡಿದಾರೆ?' 'ಟಿಸಿ ಕೊಟ್ಟು ಕಳಿಸ್ಲಿ.' 'ಪೊಲೀಸ್ ಕಂಪ್ಲೇಂಟ್ ಕೊಡಿ ಸಾರ್.' ಒಬ್ಬರಂತೂ, 'ನೀವು ಪೇಪರಲ್ಲಿ ಬರೀರಿ, ಆಗ ಬುದ್ಧಿ ಬರುತ್ತೆ' ಎಂದರು. ಸುಳ್ಳು ಯಾಕೆ ಹೇಳಲಿ? ನಾನು ಆಗಲೇ ತಲೆಯೊಳಗೆ ಬರೆಯಲು ಶುರುಮಾಡಿದ್ದೆ. ಹೆಡ್ಡಿಂಗ್ ಕೂಡ ಹೊಳೆದಿತ್ತು.

ಮರುದಿನ ಒಂಬತ್ತಕ್ಕೆ ಹೆಡ್‌ಮಿಸ್ಟ್ರೆಸ್ ಮುಂದೆ ಕೂತೆ. ರಿಟೈರ್‌ಮೆಂಟಿಗೆ ಎರಡು ವರ್ಷ ಇರುವ, ದನಿ ಏರಿಸದ ಹೆಂಗಸು. ನಾನು ಏರಿಸಿದೆ. ಟಿಸಿ ಕೊಡಲೇಬೇಕು ಎಂದೆ. ಇಲ್ಲದಿದ್ದರೆ ಸ್ಟೇಷನ್ನಿಗೆ ಹೋಗುತ್ತೇನೆ ಎಂದೆ. ನಾನು ಯಾರು ಗೊತ್ತಾ ಎನ್ನುವುದೊಂದನ್ನು ಬಾಯಲ್ಲಿ ಹೇಳಲಿಲ್ಲ, ಮುಖದಲ್ಲಿ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಕಂಪ್ಲೇಂಟ್ ಕೊಡೋದು ನಿಮ್ಮ ಹಕ್ಕು ಸಾರ್, ನಾನು ತಡೆಯಲ್ಲ. ಟಿಸಿ ಬರೆಯೋಕೂ ಹೆಚ್ಚು ಹೊತ್ತು ಬೇಡ. ಮೂರು ವರ್ಷದ ಹಿಂದೆ ಒಬ್ಬ ಹುಡುಗನಿಗೆ ಬರೆದುಕೊಟ್ಟೆ. ನಡತೆ ಅನ್ನೋ ಕಡೆ 'ತೃಪ್ತಿಕರವಲ್ಲ' ಅಂತ ನಾನೇ ಬರೆದೆ. ಯಾವ ಸ್ಕೂಲೂ ಸೇರಿಸ್ಕೊಳ್ಳಲಿಲ್ಲ. ಈ ವರ್ಷ ಪೊಲೀಸಿನವರು ವಿಚಾರಿಸೋಕೆ ಬಂದಿದ್ರು. ಯಾರಿಗೋ ಚಾಕು ಹಾಕಿದಾನೆ. ಅವರ ಫೈಲಲ್ಲಿ ನನ್ನ ಅಕ್ಷರ ಇತ್ತು."

ಅವರು ಬೆಲ್ ಒತ್ತಿ ಆಯಮ್ಮ ರತ್ನಮ್ಮನನ್ನು ಕರೆಸಿದರು. "ಚೈತ್ರಾ ವಿಷಯ ಇವರಿಗೆ ಹೇಳಿ."

ರತ್ನಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಏನ್ ಹೇಳ್ಲಿ ಸಾರ್. ನಾನು ಏಳು ಗಂಟೆಗೆ ಗೇಟ್ ತೆಗೆಯೋಕೆ ಬಂದ್ರೆ ಆ ಮಗು ಆಗ್ಲೇ ಬಂದು ನಿಂತಿರುತ್ತೆ. ಸ್ಕೂಲ್ ಇರೋದು ಎಂಟೂಮುಕ್ಕಾಲಿಗೆ. ಮಾವಳ್ಳಿಯಿಂದ ನಡ್ಕೊಂಡೇ ಬರ್ತಾಳೆ. ಅವರಮ್ಮ ಯಾರದೋ ಮನೇಲಿ ಪೇಷೆಂಟ್ ನೋಡ್ಕೊಳ್ಳೋಕೆ ಇದಾರೆ, ಅಲ್ಲೇ ಇರಬೇಕು. ಅಪ್ಪ ತೀರ್ಕೊಂಡಿದಾರೆ. ಇವಳನ್ನ ಮಾವನ ಮನೇಲಿ ಬಿಟ್ಟಿದಾರೆ. ಅಲ್ಲಿ ಅವಳು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಬೆಳಿಗ್ಗೆ ಹೊತ್ತು ನಾನೇ ಒಂದು ಲೋಟ ಟೀ ಕೊಡ್ತೀನಿ."

ಎಷ್ಟು ದಿನದಿಂದ ಎಂದು ಕೇಳಿದೆ.

"ದಿನ ಅಲ್ಲ ಸಾರ್. ಒಂದು ವರ್ಷ ಆಯ್ತು."

ಮನೆಗೆ ಬಂದು ಪೂರ್ವಿಯನ್ನು ಕೂರಿಸಿಕೊಂಡೆ. ಬಾಟಲಿ ಬೀಸುವ ಮುಂಚೆ ಏನಾಯಿತು ಎಂದು ಕೇಳಿದೆ. ಏನಿಲ್ಲ ಎಂದಳು. ಮತ್ತೆ ಕೇಳಿದೆ. ಗೋಡೆ ನೋಡಿದಳು. ಅವಳ ಅಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕೂತ ಮೇಲೆ ಬಾಯಿಬಿಟ್ಟಳು.

"ಲಂಚ್ ಬ್ರೇಕಲ್ಲಿ... ನಿಮ್ಮಮ್ಮ ಅಜ್ಜಂದ್ರಿಗೆ ಡೈಪರ್ ಹಾಕ್ತಾರಂತಲ್ಲ, ಅದೇ ಕೈಯಲ್ಲಿ ಮಾಡಿದ ಊಟನಾ ಇದು, ಅಂದೆ. ಎಲ್ಲರೂ ನಕ್ರು. ಜೋಕ್ ಅಪ್ಪ, ಸೀರಿಯಸ್ಸಾಗಿ ಅಲ್ಲ."

ನನ್ನ ಹೆಂಡತಿ ಮುಖ ತಿರುಗಿಸಿಕೊಂಡಳು. ನಾನು ಎಲ್ಲಿಗೆ ತಿರುಗಿಸಿಕೊಳ್ಳಲಿ?

ನನ್ನ ಅಮ್ಮ ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಸರೋಜಮ್ಮ ಎಂಬ ಹೋಮ್ ನರ್ಸ್ ನಮ್ಮ ಮನೆಯಲ್ಲೇ ಇದ್ದು ನೋಡಿಕೊಂಡರು. ಗಂಜಿ ಕುಡಿಸುವುದು, ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಪೂರ್ವಿ ಈಗ ಜೋಕು ಮಾಡಿದ ಆ ಕೆಲಸವನ್ನೂ. ದಿನಾ ಸಂಜೆ ಏಳು ಗಂಟೆಗೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಯಾರನ್ನೋ, "ಊಟ ಆಯ್ತಾ? ಹೋಮ್‌ವರ್ಕ್ ಮುಗೀತಾ?" ಎಂದು ಕೇಳುತ್ತಿದ್ದರು. ಆ ಕಡೆ ಯಾರಿದ್ದಾರೆ ಎಂದು ನಾನು ಎಂಟು ತಿಂಗಳಲ್ಲಿ ಒಂದು ದಿನವೂ ಕೇಳಲಿಲ್ಲ. ಮಗಳು ಆ ಮಾತನ್ನು ಎಲ್ಲಿಂದ ಕಲಿತಳು ಎಂದು ಬೇರೆ ಯಾರನ್ನು ಕೇಳಲಿ?

ಶುಕ್ರವಾರ ಹೆಡ್‌ಮಿಸ್ಟ್ರೆಸ್ ಎಲ್ಲರನ್ನೂ ಕರೆಸಿದರು. ನಾನು ಸ್ವಲ್ಪ ಮೊದಲೇ ಹೋಗಿದ್ದೆ. ಚೈತ್ರಾ ಒಬ್ಬಳೇ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನನ್ನ ಸಿಟ್ಟಿನಲ್ಲಿ ಅವಳು ಎತ್ತರದ ಗಟ್ಟಿಮುಟ್ಟಾದ ಹುಡುಗಿಯಾಗಿದ್ದಳು. ನೋಡಿದರೆ ನನ್ನ ಮಗಳಿಗಿಂತ ಸಣ್ಣಗಿದ್ದಾಳೆ. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿದೆ.

"ಹೊಡೆದಿದ್ದು ತಪ್ಪು" ಎಂದೆ. ಅದನ್ನು ಹೇಳಲೇಬೇಕಿತ್ತು. ಕನಿಕರ ಎಂದರೆ ತಪ್ಪನ್ನು ಸರಿ ಎನ್ನುವುದಲ್ಲವಲ್ಲ.

"ಹೂಂ."

"ಕೋಪ ಬಂದಾಗ ಏನಾಗುತ್ತೆ ನಿನಗೆ?"

ತಲೆ ಎತ್ತಿ ನನ್ನನ್ನು ನೋಡಿದಳು. ಬಹುಶಃ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. "ಕಿವಿ ಗುಂಯ್ ಅನ್ನುತ್ತೆ ಅಂಕಲ್. ಆಮೇಲೆ ಯಾರೂ ಕಾಣಿಸಲ್ಲ. ಆದ್ಮೇಲೆ ನಂಗೇ ಭಯ ಆಗುತ್ತೆ."

ಅಷ್ಟರಲ್ಲಿ ಅವಳ ಅಮ್ಮ ಬಂದರು. ಮಲ್ಲೇಶ್ವರದ ಮನೆಯಿಂದ ಎರಡು ಗಂಟೆ ರಜ ಕೇಳಿಕೊಂಡು ಮೆಟ್ರೋ ಹಿಡಿದು ಬಂದಿದ್ದರು. ಬೈಗುಳಕ್ಕೆ ಸಿದ್ಧವಾಗಿ ಬಂದವರ ಹಾಗೆ ಬಾಗಿಲಲ್ಲೇ ನಿಂತರು. ನನ್ನ ಹೆಂಡತಿ ಪೂರ್ವಿಯನ್ನು ಕರೆದುಕೊಂಡು ಒಳಗೆ ಬಂದಳು. ಆ ತಾಯಿ ಪೂರ್ವಿಯ ಹಣೆಯ ಬ್ಯಾಂಡೇಜ್ ನೋಡಿದರು. ಮಾತು, ನಮಸ್ಕಾರ ಏನೂ ಇಲ್ಲ, ನೇರ ಹತ್ತಿರ ಹೋಗಿ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಅಂಚು ಒದ್ದೆ ಆಗಿದ್ಯಲ್ಲ ಪುಟ್ಟಾ. ತಲೆಗೆ ನೀರು ಹಾಕ್ಕೊಂಡ್ಯಾ? ಇನ್ನೂ ನಾಲ್ಕು ದಿನ ಬೇಡ. ನವೆ ಆದ್ರೆ ಕೆರೀಬಾರ್ದು, ಆಯ್ತಾ? ಕೆರೆಯದಿದ್ರೆ ಕಲೆ ಉಳಿಯಲ್ಲ."

ಅದೇ ಕೈ. ಪೂರ್ವಿ ಕಣ್ಣು ಕೆಳಗೆ ಹಾಕಿದಳು. ಹೊಲಿಗೆ ಹಾಕುವಾಗ ಅಳದೆ ಕೂತಿದ್ದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. "ಸಾರಿ ಆಂಟಿ, ನಾನು ಒಂದು ಮಾತು ಅಂದ್ಬಿಟ್ಟಿದೀನಿ" ಎಂದಳು. ಏನು ಮಾತು ಎಂದು ಆಕೆ ಕೇಳಲಿಲ್ಲ. ಚೈತ್ರಾ ಮನೆಯಲ್ಲಿ ಹೇಳಿರಲೂ ಇಲ್ಲ ಎಂದು ಆಮೇಲೆ ಗೊತ್ತಾಯಿತು.

ಚೈತ್ರಾ ಮಾತ್ರ ಅಳಲಿಲ್ಲ. "ಸಾರಿ" ಎಂದು ನೆಲಕ್ಕೆ ಹೇಳಿದಳು. ಸಿನಿಮಾದ ಹಾಗೆ ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ.

ಟಿಸಿ ಬೇಡ ಎಂದು ನಾನೇ ಹೇಳಿದೆ, ಹೆಡ್‌ಮಿಸ್ಟ್ರೆಸ್ ಬರೆಯಲಿಲ್ಲ. ಶಿಕ್ಷೆ ಇತ್ತು: ಒಂದು ವಾರ ಕ್ಲಾಸಿಗಿಲ್ಲ, ಆದರೆ ಮನೆಗೂ ಇಲ್ಲ. ಲೈಬ್ರರಿಯಲ್ಲಿ ಕೂತು ಪಾಠ ಓದಬೇಕು. ವಾರಕ್ಕೆ ಎರಡು ಸಲ ಕೌನ್ಸೆಲರ್ ಬಂದು ಅವಳ ಜೊತೆ ಮಾತಾಡಬೇಕು. ಪೂರ್ವಿ ಮತ್ತು ನಕ್ಕ ಹುಡುಗಿಯರಿಗೂ ಒಂದು ದಿನ ಆ ಕೌನ್ಸೆಲರ್ ಮುಂದೆ ಕೂರುವುದು ತಪ್ಪಲಿಲ್ಲ. ಕೋಪ ಬಂದಾಗ ಟೀಚರನ್ನು ಕೇಳದೆ ಎದ್ದು ರತ್ನಮ್ಮನ ಹತ್ತಿರ ಹೋಗಲು ಚೈತ್ರಾಗೆ ಅನುಮತಿ. ಹೆಡ್‌ಮಿಸ್ಟ್ರೆಸ್ ಖುದ್ದಾಗಿ ಆ ಮಲ್ಲೇಶ್ವರದ ಮನೆಯವರ ಜೊತೆ ಮಾತಾಡಿದರು. ಪುಣ್ಯವಂತರು, ಒಪ್ಪಿದರು. ಈಗ ರಾತ್ರಿಗೆ ಇನ್ನೊಬ್ಬರನ್ನು ಇಟ್ಟುಕೊಂಡಿದ್ದಾರೆ. ಚೈತ್ರಾಳ ಅಮ್ಮ ಸಂಜೆ ಏಳೂವರೆಗೆ ಮನೆಯಲ್ಲಿರುತ್ತಾರೆ. ಮಾವನ ಮನೆಯ ಹಿಂದೆಯೇ ಒಂದು ರೂಮು ಮಾಡಿದ್ದಾರೆ.

ಇದೆಲ್ಲ ಆಗಿ ಎರಡು ತಿಂಗಳಾಯಿತು. ಆ ತಾಯಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಇಬ್ಬರೂ ಫ್ರೆಂಡ್ಸ್ ಆಗಿಲ್ಲ. ಹೋದ ವಾರ ಚೈತ್ರಾ ಯಾವುದೋ ಮಾತಿಗೆ ಡೆಸ್ಕ್ ಒದ್ದಳಂತೆ. ಆಮೇಲೆ ತಾನೇ ಎದ್ದು ಹೋಗಿ ಇಡೀ ಪೀರಿಯಡ್ಡು ರತ್ನಮ್ಮನ ರೂಮಿನಲ್ಲಿ ಕೂತಿದ್ದಳಂತೆ. ಬಾಟಲಿ ಎತ್ತಲಿಲ್ಲ. ಹದಿನಾಲ್ಕು ವರ್ಷದ ಹುಡುಗಿಗೆ ಅದು ಸಣ್ಣ ವಿಷಯವೇ?

ವಾಟ್ಸ್ಯಾಪ್ ಗ್ರೂಪಿನಲ್ಲಿ ಕೆಲವರಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. "ನಾಳೆ ನಮ್ಮ ಮಗಳಿಗೆ ಹೊಡೆದ್ರೆ ನೀವು ಜವಾಬ್ದಾರಿ ತಗೋತೀರಾ?" ಎಂದು ಒಬ್ಬ ತಂದೆ ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಬಳಿ ಗ್ಯಾರಂಟಿ ಕಾರ್ಡಿಲ್ಲ. ಆದರೆ ಗೇಟಿನ ಹೊರಗೆ ಹಾಕಿದ ಮಗುವಿನ ಕೋಪವೇನೂ ಅಲ್ಲಿಗೆ ನಿಲ್ಲುವುದಿಲ್ಲ. ಕೈಗೆ ಸಿಗುವ ವಸ್ತು ಬದಲಾಗುತ್ತದೆ, ಅಷ್ಟೇ.

ಮಕ್ಕಳು ಸ್ಕೂಲಿನಿಂದ ಬಂದ ಕೂಡಲೇ, ನಿನಗೆ ಯಾರಾದರೂ ಏನಾದರೂ ಅಂದರಾ ಎಂದು ನಾವೆಲ್ಲ ಕೇಳುತ್ತೇವೆ. ನೀನು ಇವತ್ತು ಯಾರಿಗೆ ಏನಂದೆ ಎಂದು ಕೊನೆಯ ಸಲ ಕೇಳಿದ್ದು ಯಾವಾಗ?