ನೀಲಿ ಹೊಗೆಯ ಬೆನ್ನು ಹತ್ತಿದ ಮಸ್ಕಿಯ ಮಿಸ್ತ್ರಿ

ಮಸ್ಕಿಯ ಗುಡ್ಡಕ್ಕೆ ಇನ್ನೂ ಬಿಸಿಲು ತಾಗಿಲ್ಲ. ಬಸ್ಸು ನಿಲ್ಲುವ ಜಾಗದ ಪಕ್ಕ, ತಗಡಿನ ಚಪ್ಪರದ ಕೆಳಗೆ ಶೇಕ್ಷಾವಲಿ ಮಿಸ್ತ್ರಿ ಹಳೆಯ ಫಟಫಟಿ ಮೋಟಾರ್ ಸೈಕಲ್ಲೊಂದನ್ನು ಒದೆಯುತ್ತಿದ್ದಾರೆ. ಅದು ಕೆಮ್ಮುತ್ತದೆ, ಹಿಂದಿನಿಂದ ನೀಲಿ ಹೊಗೆ ಉಗುಳುತ್ತದೆ. ಮಿಸ್ತ್ರಿ ಹೊಗೆಗೆ ಮೂಗು ಕೊಟ್ಟು ಮೂಸುತ್ತಾರೆ, ಎದ್ದು ಹಿಂದಿನ ಮನೆಯ ಬಾಗಿಲು ನೋಡುತ್ತಾರೆ, ಮತ್ತೆ ಕೂರುತ್ತಾರೆ. ನಿಂತಲ್ಲಿ ನಿಲ್ಲದ ಮನುಷ್ಯ.

ನಾನು ಈ ಕಡೆ ಬಂದದ್ದು ತುಂಗಭದ್ರೆಯ ಕಾಲುವೆ ಕೆಲಸ ನೋಡಿ ಪತ್ರಿಕೆಗೆ ಬರೆಯಲು. ಸಿಂಧನೂರಿನ ಬಸ್ಸಿಗೆ ಕಾದು ಕೂತವನು ಇವರನ್ನು ನೋಡುತ್ತ ಬಸ್ಸು ತಪ್ಪಿಸಿಕೊಂಡೆ. ಹೋಗಲಿ ಬಿಡಿ, ಕಾಲುವೆಯ ಬಗ್ಗೆ ಬರೆಯುವವರಿಗೇನು ಬರವೇ!

ಚಪ್ಪರದ ಹಿಂದಿನ ಆ ಮನೆಯೊಳಗೆ ಮಿಸ್ತ್ರಿಯ ಮಗಳು ಬಿಬಿಜಾನ್ ದಿನ ತುಂಬಿ ಮಲಗಿದ್ದಾಳೆ. ಹೋದ ವರ್ಷ ಗಂಡನ ಊರು ಪಾಮನಕಲ್ಲೂರಿನಲ್ಲಿ ಅವಳ ಮೊದಲ ಕೂಸು, ನರ್ಸು ಎತ್ತಿನ ಬಂಡಿಯಲ್ಲಿ ಬಂದು ಮುಟ್ಟುವಷ್ಟರಲ್ಲಿ ತೀರಿಹೋಗಿತ್ತು. ಅದಕ್ಕೇ ಈ ಸಲ ತೌರಿಗೆ ಕರೆತಂದಿದ್ದಾರೆ. ಇನ್ನು ಆಸ್ಪತ್ರೆಯವರೆಗೆ ಬಸ್ಸಿನ ಕುಲುಕಾಟ ಆಗದೆಂದು ನರ್ಸು ಶೇಖರಮ್ಮನವರೇ ಹೇಳಿದ್ದಾರೆ. ಅವರಿರುವುದು ಲಿಂಗಸುಗೂರಿನಲ್ಲಿ. ಬಸ್ಸು ದಿನಕ್ಕೆ ಒಂದೆರಡೇ, ಬೇಕಾದ ಹೊತ್ತಿಗೆ ಅವರನ್ನು ಕರೆತರಲು ಊರಿಗೆ ಇರುವುದು ಕಂಪೌಂಡರ್ ಕರಿಬಸಯ್ಯನವರ ಈ ಒಂದೇ ಫಟಫಟಿ. ಅದು ಮೊನ್ನೆ ಲಿಂಗಸುಗೂರಿನ ದಾರಿಯ ಏರಿನಲ್ಲಿ ಉಸಿರುಗಟ್ಟಿ ನಿಂತಿತು. ಕರಿಬಸಯ್ಯ ಇಲ್ಲಿಯವರೆಗೆ ದಬ್ಬಿಕೊಂಡು ಬಂದರು.

"ಎಣ್ಣಿ ಕುಡಿತೈತಿ, ತಾಕತ್ತಿಲ್ಲ," ಎನ್ನುತ್ತಾರೆ ಮಿಸ್ತ್ರಿ. "ಎಣ್ಣಿ ಮ್ಯಾಲಿನ ವಾಲ್ವಿನ ಸಂದಿಲಿಂದ ಇಳೀಬೇಕು, ಇಲ್ಲಾ ಪಿಸ್ಟನ್ ರಿಂಗ್ ದಾಟಿ ಕೆಳಗಿಂದ ಏರಬೇಕು. ಯಾವದಂತ ತಿಳೀದ ಬಿಚ್ಚಿದ್ರ ಸುಮ್ಮನ ಹೊತ್ತು ಹಾಳರಿ."

ನಿಜಾಮರ ಕಾಲದಲ್ಲಿ ಸಿಕಂದರಾಬಾದಿನ ಮೋಟಾರು ಕಾರ್ಖಾನೆಯಲ್ಲಿ ಕಲಿತ ಕೈ ಅವರದು. ಪೊಲೀಸ್ ಕಾರ್ಯಾಚರಣೆಯ ಗದ್ದಲದ ವರ್ಷ ಕೆಲಸ ಹೋಯಿತು, ಊರಿಗೆ ಬಂದರು. ಈಗ ಗಿರಣಿಯ ಇಂಜಿನ್ನು, ಸ್ಟೋವು, ಸೈಕಲ್ಲು, ಯಾವುದು ಬಂದರೂ ಬೇಡ ಅನ್ನುವುದಿಲ್ಲ. ಬಸ್ಸು ಕೆಟ್ಟರೆ ಎಲ್ಲರಿಗೂ ಇವರ ನೆನಪಾಗುತ್ತದೆ, ಸರಿಯಾದ ಮೇಲೆ ಹೆಸರು ಕೇಳುವವರಿಲ್ಲ.

ಮಿಸ್ತ್ರಿ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಒಂದು ಚಮಚ ಎಣ್ಣೆ ಬಿಟ್ಟು, ಪ್ಲಗ್ ಮತ್ತೆ ಬಿಗಿಯುತ್ತಾರೆ. ಒದೆಯುವ ಕಡ್ಡಿಯ ಮೇಲೆ ಕಾಲಿಟ್ಟು ಭಾರ ಹಾಕುತ್ತಾರೆ. ಇದುವರೆಗೆ ಸಡಿಲವಾಗಿ ಇಳಿಯುತ್ತಿದ್ದ ಕಡ್ಡಿ ಈಗ ಕಾಲನ್ನು ಎದುರಿಸಿ ನಿಲ್ಲುತ್ತದೆ. ಎಣ್ಣೆ ರಿಂಗಿನ ಸಂದಿ ಮುಚ್ಚಿದ್ದಕ್ಕೆ ಬಿಗಿ ಬಂತು, ಹಾಗಾದರೆ ದೋಷ ರಿಂಗಿನದು. ಅವರ ಮುಖ ಸಪ್ಪಗಾಗುತ್ತದೆ. ಯುಗಾದಿಗೆ ಮುಂಚೆ ಆ ರಿಂಗುಗಳನ್ನು ಹಾಕಿದವರು ಅವರೇ.

"ನಾನ ಕೆಡಿಸೀನೇನು?" ಎಂದು ಯಾರನ್ನೋ ಕೇಳಿದಂತೆ ಕೇಳಿಕೊಂಡು, ಸರಸರನೆ ಸಿಲಿಂಡರ್ ಬಿಚ್ಚುತ್ತಾರೆ. ಒಳಗೆ ಗೀರಿಲ್ಲ, ಸವೆತವಿಲ್ಲ. ಆದರೆ ಪಿಸ್ಟನ್ನಿನ ಸುತ್ತ ಕೊರೆದ ತೋಡಿನಲ್ಲಿ ಸಡಿಲವಾಗಿ ಆಡಬೇಕಾದ ರಿಂಗುಗಳು ಕಂದು ಅಂಟು ಹಿಡಿದು ಅಲ್ಲಾಡುತ್ತಿಲ್ಲ. ಮಿಸ್ತ್ರಿ ಅಂಟನ್ನು ಉಗುರಿನಿಂದ ಕೆರೆದು ಮೂಸುತ್ತಾರೆ, ಹರಳೆಣ್ಣೆಯ ವಾಸನೆ. ಪಕ್ಕದಲ್ಲಿ ನಿಂತ ಕರಿಬಸಯ್ಯನವರ ಕಡೆ ತಲೆಯೆತ್ತುತ್ತಾರೆ.

"ಕರಿಬಸಯ್ಯನವರ, ಇದಕ್ಕ ಔಡಲೆಣ್ಣಿ ಹಾಕೀರಿ?"

"ಹೌದ್ರಿ. ಎಣ್ಣಿ ಕಡಿಮಿ ಆಗಗೊಡಬ್ಯಾಡ್ರಿ ಅಂತ ನೀವ ಹೇಳಿದ್ರಿ. ಡಬ್ಬಿ ಮುಗದಿತ್ತು. ಬಂಡಿ ಅಚ್ಚಿಗೆ ನಮ್ಮಪ್ಪ ಅದನ್ನ ಹಾಕತಿದ್ದ, ಬಂಡಿ ಹೂವಿನಂಗ ಓಡತಿತ್ತು."

"ಬಂಡಿ ಅಚ್ಚಿನ್ಯಾಗ ಬೆಂಕಿ ಇರ್ತೈತೇನ್ರೀ ಮಾರಾಯರ!" ಮಿಸ್ತ್ರಿಗೆ ಸಿಟ್ಟು ಬರಬೇಕಿತ್ತು, ನಗು ಬಂದುಬಿಡುತ್ತದೆ. "ಆ ಎಣ್ಣಿ, ಈ ಎಣ್ಣಿ ಕೂಡಿ ಕಾದು ಗೋಂದ ಆಗೈತಿ. ಯಾವ ಎಣ್ಣಿ ಅಂತ ನಾನೂ ಬಿಡಿಸಿ ಹೇಳಲಿಲ್ಲ ಬಿಡ್ರಿ."

ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ರಿಂಗು ಬಳೆಯಂತೆ, ಒತ್ತಿದರೆ ಮುರಿಯುತ್ತದೆ, ಮುರಿದರೆ ಬೇರೆಯದು ಹೈದರಾಬಾದಿನಿಂದ ಬರಬೇಕು. ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು ಕಾಯುವುದೊಂದೇ ದಾರಿ. ಕಾಯುವುದು ಈ ಮನುಷ್ಯನಿಗೆ ಬಾರದ ಕೆಲಸ. ಬೀಡಿ ಹಚ್ಚುತ್ತಾರೆ, ಎಸೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಜಮೀಲಾಬೀ ಓಡಿ ಬರುತ್ತಾರೆ.

"ನೋವು ಸುರು ಆಗ್ಯಾವ. ಒಳಗ ಬರ್ರಿ ಒಂದೀಟು, ಅಪ್ಪಾ ಅಪ್ಪಾ ಅನ್ನಾಕತ್ತಾಳ."

"ಒಳಗ ಬಂದು ನಾ ಏನ ಮಾಡ್ಲಿ? ಅಕೀ ಸಲವಾಗೇ ಇಲ್ಲಿ ಮಾಡಾಕತ್ತೀನಲ್ಲ!" ಎಂದು ರೇಗುತ್ತಾರೆ. ಹೆಂಡತಿ ಹೋದ ಮೇಲೆ ಪಿಸ್ಟನ್ನನ್ನು ಎತ್ತಿ ಒರೆಸುತ್ತಾರೆ. ಒಂದು ರಿಂಗು ಮುರಿದರೂ ಎಲ್ಲ ಮುಗಿಯಿತು. ನನಗೇ ಭಯವಾಯಿತು, ಸುಳ್ಳೇಕೆ ಹೇಳಲಿ. ಮಿಸ್ತ್ರಿ ತೆಳ್ಳನೆಯ ತಗಡು ತೂರಿಸಿ ಒಂದೊಂದೇ ರಿಂಗು ಬಿಡಿಸುತ್ತಾರೆ. ಕೊನೆಯದು ಹಟ ಹಿಡಿಯುತ್ತದೆ. ಮತ್ತೆ ಸೀಮೆಎಣ್ಣೆ, ಮತ್ತೆ ತಗಡು. ಅದೂ ಮುರಿಯದೆ ಬಿಡಿಸಿಕೊಳ್ಳುತ್ತದೆ.

ಸಿಲಿಂಡರ್ ಮತ್ತೆ ಕೂಡಿಸಿ, ಹಳೆಯ ಎಣ್ಣೆಯನ್ನೆಲ್ಲ ಚೆಲ್ಲಿ, ಗಿರಣಿಯ ಇಂಜಿನ್ನಿಗೆ ತಂದಿಟ್ಟಿದ್ದ ಎಣ್ಣೆ ಕೇಳಿ ತಂದು ತುಂಬುತ್ತಾರೆ. ಒದ್ದಾಗ ಫಟಫಟಿ ಗುಡುಗುತ್ತದೆ. ಹೊಗೆ ಸ್ವಲ್ಪ ಹೊತ್ತು ಕಾಡಿ ತಿಳಿಯಾಗುತ್ತದೆ. ಕರಿಬಸಯ್ಯ ಧೋತರ ಎತ್ತಿ ಕಟ್ಟಿ ಲಿಂಗಸುಗೂರಿನ ಹಾದಿ ಹಿಡಿಯುತ್ತಾರೆ.

ಆಮೇಲಿನ ಹೊತ್ತು ಹೇಳುವಂಥದ್ದಲ್ಲ. ಮಿಸ್ತ್ರಿ ರಸ್ತೆಯ ನಡುವೆ ನಿಂತೇ ಇರುತ್ತಾರೆ. ಒಳಗೆ ಮಗಳು ಚೀರಿದಾಗೆಲ್ಲ ಕಿವಿ ಮುಚ್ಚಿಕೊಳ್ಳುತ್ತಾರೆ, ಗಾಡಿಯ ಸದ್ದು ತಪ್ಪೀತೆಂದು ತಕ್ಷಣ ಕೈ ತೆಗೆಯುತ್ತಾರೆ. ಹೊತ್ತು ಇಳಿಯುವ ಮುಂಚೆ ಸದ್ದು ಕೇಳುತ್ತದೆ. ಹಿಂದಿನ ಸೀಟಿನಿಂದ ಶೇಖರಮ್ಮ ಚೀಲ ಹಿಡಿದು ಇಳಿದವರೇ ಒಳಗೆ ಓಡುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಕೂಸು ಅಳುತ್ತದೆ. "ಹೆಣ್ಣು ಹುಟ್ಟೈತಿ. ಕೂಸು ಅಡ್ಡ ಇತ್ತು, ತಿರುಗಿಸಿ ತಗದೀನಿ. ತಾಯಿ ಮಗು ಇಬ್ಬರೂ ಆರಾಮ ಅದಾರ," ಎನ್ನುತ್ತಾರೆ ಶೇಖರಮ್ಮ. ಮಿಸ್ತ್ರಿ ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅಳುತ್ತಾರೆ.

ಕಣ್ಣೊರೆಸಿಕೊಂಡು ಮೊದಲು ಹೋದದ್ದು ಕರಿಬಸಯ್ಯನವರ ಹತ್ತಿರ.

"ಆ ಏರಿನ್ಯಾಗ ಏನಂತ್ರಿ ಗಾಡಿ?"

"ಇಬ್ಬರನ್ನೂ ಹೊತ್ತುಕೊಂಡು ಹತ್ತೇತಿ, ಮಿಸ್ತ್ರಿ. ಇಳೀಲೇ ಇಲ್ಲ ನಾವು."

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ನಾನು ಕೇಳಿದಾಗ ಅವರು ಬಾಗಿಲ ಕಡೆ ಹೊರಟಾಗಿತ್ತು. ಹೊಸ್ತಿಲಲ್ಲಿ ತಿರುಗಿ ಹೇಳಿದರು: "ಗಾಡಿ ಎಲ್ಲೂ ನಿಲ್ಲಲಿಲ್ಲ ಅಂತ ಬರೀರಿ ಸಾಹೇಬ್ರ. ಅಷ್ಟು ಸಾಕು."